ನರ್ಸಮ್ಮನ ಟಗರು ಸೈಕಲ್ಲುಗಳು

ಹಳೇ ಸೈಕಲ್ಲು ಕೂಡಿಡೋ ಹೆಂಗಸಿನ ಮನೆಗೆ ನಗು ತಾನಾಗೇ ಹುಡುಕಿಕೊಂಡು ಬರುತ್ತೆ, ಕರೆಯಬೇಕಾಗಿಲ್ಲ. ಹೊಸಬರು ಯಾರೇ ಬರಲಿ, ಪಡಸಾಲೆಯ ಗೋಡೆಗೆ ನೇತುಹಾಕಿದ ಸೈಕಲ್ಲುಗಳನ್ನು ನೋಡಿ "ಇವೆಲ್ಲಾ ಯಾರವು?" ಅಂತ ಕೇಳುತ್ತಾರೆ. "ನನ್ನವು" ಅನ್ನುತ್ತೇನೆ. ಆಗ ಅವರು ನನ್ನ ಗಂಡನ ಕಡೆ ತಿರುಗಿ, "ಯಾರವ್ರೀ?" ಅಂತ ಮತ್ತೊಮ್ಮೆ ಕೇಳುತ್ತಾರೆ.

ನಾನು ಸರ್ಕಾರಿ ದವಾಖಾನೆಯ ನರ್ಸು. ತೊಂಬತ್ತರ ದಶಕದಲ್ಲೂ ಆಮೇಲೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ನನ್ನನ್ನು ವರ್ಗ ಮಾಡುತ್ತಲೇ ಇದ್ದರು. ನನ್ನ ಜೊತೆ ನನ್ನ ಸೈಕಲ್ಲುಗಳಿಗೂ ವರ್ಗ ಆಗುತ್ತಿತ್ತು. ಇವು ಹಾಲಿನ ಕ್ಯಾನು ಹೊರೋ ಸೈಕಲ್ಲಲ್ಲ. ತೆಳ್ಳನೆ ಉಕ್ಕಿನ ಕೊಳವೆಯವು, ಒಂದೇ ಕೈಯಲ್ಲಿ ಎತ್ತಬಹುದಾದ ರೇಸಿಂಗ್ ಸೈಕಲ್ಲುಗಳು. ಹ್ಯಾಂಡಲ್ಲು ಮುಂದಕ್ಕೆ ಹೋಗಿ, ಬಗ್ಗಿ, ಟಗರಿನ ಕೊಂಬಿನ ಹಾಗೆ ಹಿಂದಕ್ಕೆ ಸುತ್ತಿಕೊಂಡಿರುತ್ತೆ. ಅದನ್ನು ನೋಡಿ ನಮ್ಮ ಕಡೆಯವರು ಇಟ್ಟ ಹೆಸರು ಟಗರು ಸೈಕಲ್ಲು.

ಯಾವ ಯಾವ ಕಾಲದಲ್ಲೋ ಹುಡುಗರು ವಿಜಾಪುರದ ಕಡೆಯಿಂದಲೋ ಬೊಂಬಾಯಿಯಿಂದಲೋ ಆಸೆಪಟ್ಟು ತಂದಿದ್ದವು ಇವು. ಮದುವೆ ಆಗಿ ಹೊಟ್ಟೆ ಬಂದಮೇಲೆ ಅಟ್ಟಕ್ಕೆ, ದನದ ಕೊಟ್ಟಿಗೆಗೆ, ಹಿತ್ತಲಿಗೆ ಹೋಗಿ ಬಿದ್ದವು. ನಾನು ಅವನ್ನು ತಂದು, ತುಕ್ಕು ತಿಕ್ಕಿ, ಬೆಂಡು ತೆಗೆದು, ಬಣ್ಣ ಹೊಡೆದು ಮತ್ತೆ ಓಡಿಸುತ್ತೇನೆ. ಯಾಕೆ ಅಂತ ಕೇಳಿದವರಿಗೆಲ್ಲಾ ನಾನು ಹೇಳೋದು ಒಂದೇ: "ನನ್ನ ಖುಷಿ." ಅಷ್ಟಕ್ಕೆ ಸಮಾಧಾನ ಆಗದವರಿಗೆ ಬೇರೆ ಔಷಧಿ ನನ್ನ ಹತ್ತಿರ ಇಲ್ಲ.

ಕೊಂಬಿಗೆ ಕೊಂಬು

ಮೊದಲನೇ ಸೈಕಲ್ಲು ಸಿಕ್ಕಿದ್ದು ಗುಡೇಕೋಟೆಯ ಕಡೆ ಒಂದು ಕುರಿಹಟ್ಟಿಯಲ್ಲಿ. ಮಕ್ಕಳಿಗೆ ಲಸಿಕೆ ಹಾಕಲು ಹೋಗಿದ್ದೆ. ನೋಡಿದರೆ ಕುರಿದೊಡ್ಡಿಯ ಬಾಗಿಲಿಗೆ ಜಾಲಿಮುಳ್ಳು ಕಟ್ಟಿದ ಒಂದು ಸೈಕಲ್ಲಿನ ಬಾಡಿ! ಎರಡು ಗಾಲಿಗಳು ಚಪ್ಪರದ ಮೇಲೆ ಸೋರೆಬಳ್ಳಿ ಹಬ್ಬಿಸಿಕೊಂಡು ಸುಖವಾಗಿದ್ದವು. ಹ್ಯಾಂಡಲ್ಲು ಮನೆಯ ತಲೆಬಾಗಿಲ ಮೇಲೆ, ಮೊಳೆ ಹೊಡೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

"ಇದು ಎಲ್ಲಿಂದ ಬಂತು ಅಜ್ಜಾ?" ಅಂತ ಕುರಿಗಾರ ಅಜ್ಜನನ್ನು ಕೇಳಿದೆ.

"ನಮ್ಮ ತಮ್ಮ ಬೊಂಬಾಯಿಗೆ ದುಡ್ಯಾಕ ಹೋದಾಂವ ತಂದಿದ್ದ. ಇಲ್ಲಿ ಮುಳ್ಳಿನಾಗ ಅದರ ಗಾಲಿ ದಿನಾ ಉಸಿರು ಬಿಡಾಕತ್ವು. ಬ್ಯಾಸರಾಗಿ ಬಿಟ್ಟು ಹೋದ."

ಕಟ್ಟಿಗೆಯದೊಂದು ಗಟ್ಟಿ ಬಾಗಿಲು ಮಾಡಿಸಿಕೊಡುತ್ತೇನೆ ಅಂದಮೇಲೆ ಬಾಡಿಯನ್ನೂ ಗಾಲಿಯನ್ನೂ ಕೊಡಲು ಒಪ್ಪಿದ. ಹ್ಯಾಂಡಲ್ಲಿಗೆ ಮಾತ್ರ ಅಡ್ಡಡ್ಡ ತಲೆ ಆಡಿಸಿದ.

"ಅದು ಬರಂಗಿಲ್ಲವ್ವ. ಹಿಂಡಿಗೆ ದೃಷ್ಟಿ ಆಗಬಾರದಂತ ಕಟ್ಟೇನಿ. ಕೊಂಬು ಅದು."

"ಅಜ್ಜಾ, ಅದು ಹ್ಯಾಂಡಲ್ಲು."

"ನಿಮಗ ಹ್ಯಾಂಡಲ್ಲು. ಅದು ದೃಷ್ಟಿಗೆ ಗೊತ್ತೈತೇನು?"

ಕೊನೆಗೆ ಅಜ್ಜನೇ ದಾರಿ ತೋರಿಸಿದ. "ಕೊಂಬಿಗೆ ಕೊಂಬು ತಂದು ಕೊಡ್ರಿ, ಒಯ್ರಿ."

"ನಿಮ್ಮ ಹಿಂಡಿನಾಗ ಇಷ್ಟು ಟಗರು ಅದಾವಲ್ಲ?"

"ನಮ್ಮ ಟಗರಿನ ಕೊಂಬು ನಮ್ಮ ಟಗರಿನ ಮ್ಯಾಲೇ ಇರಬೇಕವ್ವ."

ಸರಿ. ನಾವು ಲಿಂಗ ಕಟ್ಟಿದವರು, ಮನೆಯಲ್ಲಿ ಮೊಟ್ಟೆಯ ಹೆಸರು ತೆಗೆದರೂ ಅತ್ತೆ ಬಾಯಿ ಮುಕ್ಕಳಿಸುತ್ತಿದ್ದರು. ಆದರೂ ಆ ಭಾನುವಾರ ಬೆಳಿಗ್ಗೆ ಕೂಡ್ಲಿಗಿಯ ಮಟನ್ ಅಂಗಡಿಯ ಮುಂದೆ ಸೆರಗು ಬಿಗಿದು ಪಾಳಿ ನಿಂತೆ. ಇಡೀ ಪಾಳಿ ತಿರುಗಿ ನನ್ನನ್ನೇ ನೋಡಿತು. ಅಷ್ಟೂ ಜನರಿಗೆ ಒಂದಲ್ಲ ಒಂದು ದಿನ ನಾನೇ ಸೂಜಿ ಮಾಡಿದ್ದೆ, ಹಾಗಾಗಿ ನಾನೂ ತಿರುಗಿ ನೋಡಿದೆ. ಒಬ್ಬೊಬ್ಬರೇ ಮುಖ ಕೆಳಗೆ ಹಾಕಿದರು. ಅಂಗಡಿಯವನು ಹುಡುಕಿ ಒಂದು ಜೋಡಿ ಚಂದನೆಯ ಕೊಂಬು ಪೇಪರಿನಲ್ಲಿ ಸುತ್ತಿಕೊಟ್ಟ. "ಎಲ್ಲಾರೂ ಮಟನ್ ಒಯ್ದು ಕೊಂಬು ಬಿಟ್ಟು ಹೋಗ್ತಾರ. ನೀವೊಬ್ರೇ ನೋಡ್ರಿ ಕೊಂಬು ಒಯ್ದು ಮಟನ್ ಬಿಟ್ಟು ಹೊಂಟೋರು" ಅಂದ.

ನಾನು ಮನೆ ಮುಟ್ಟುವುದಕ್ಕೆ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬೈಯುತ್ತಾರೆ ಅಂತ ಎದೆ ಗಟ್ಟಿಮಾಡಿಕೊಂಡೆ. ಅವರು ಬೈಯಲಿಲ್ಲ. ಪೊಟ್ಟಣ ನೋಡಿದರು, ಬಗ್ಗಿ ಕೊಂಬು ನೋಡಿದರು, ಅತ್ತ ಇತ್ತ ಯಾರೂ ಇಲ್ಲ ಅಂತ ಖಾತ್ರಿಮಾಡಿಕೊಂಡು ಮೆಲ್ಲಗೆ ಕೇಳಿದರು.

"ಕೊಂಬಿಂದ ಏನ್ ಮಾಡ್ತಾರವ್ವ?"

"ಸೈಕಲ್ ಮಾಡ್ತಾರ್ರಿ ಅತ್ತಿ."

ಲಗೇಜು

ನನ್ನ ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರು. ಒಳ್ಳೆಯ ಮನುಷ್ಯ. ಆದರೆ ಖಾಕಿ ಅಂಗಿ ತೊಟ್ಟರೆ ಹೆಂಡತಿಯ ಗುರುತು ಹತ್ತುವುದಿಲ್ಲ.

ಒಂದು ಸಲ ಹಡಗಲಿಯ ಕಡೆ ಒಂದು ಹಳ್ಳಿಯಿಂದ ತುಕ್ಕು ಹಿಡಿದ ಸೈಕಲ್ಲು ತೆಗೆದುಕೊಂಡು ರಸ್ತೆಯಲ್ಲಿ ನಿಂತಿದ್ದೆ. ಬಂದದ್ದು ಅವರದೇ ಬಸ್ಸು. ಸೈಕಲ್ಲನ್ನು ಟಾಪಿಗೆ ಏರಿಸಿ ಒಳಗೆ ಬಂದು ಕೂತೆ. ಅವರು ಗಂಭೀರವಾಗಿ ಬಂದು ನನಗೊಂದು ಟಿಕೆಟು, ಸೈಕಲ್ಲಿಗೊಂದು ಲಗೇಜ್ ಟಿಕೆಟು ಹರಿದುಕೊಟ್ಟರು. "ಚಿಲ್ಲರ ಕೊಡ್ರಿ" ಅಂತ ಬೇರೆ ಅಂದರು. ಅವರ ಜೇಬಿಗೆ ಬೆಳಿಗ್ಗೆ ಚಿಲ್ಲರೆ ಹಾಕಿ ಕಳಿಸಿದವಳೇ ನಾನು.

ನನ್ನ ಹಿಂದಿನ ಸೀಟಿನ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. ಕಂಡಕ್ಟರನ್ನು ಹತ್ತಿರ ಕರೆದು, ನನಗೆ ಕೇಳಬಾರದು ಅಂತ ಬಸ್ಸಿಗೆಲ್ಲಾ ಕೇಳುವ ಹಾಗೆ ಪಿಸುಗುಟ್ಟಿದರು.

"ಏನ್ರಿ ಕಂಡಕ್ಟರ್, ಆ ಹೆಣ್ಣುಮಗಳು ಗುಜರಿ ಸಾಮಾನು ಹೇರಿಕೊಂಡು ಹೊಂಟಾಳಲ್ಲ, ಅಕಿ ಗಂಡ ಏನೂ ಅನ್ನಂಗಿಲ್ಲೇನು?"

ನನ್ನ ಗಂಡ ಟಿಕೆಟಿನ ಡಬ್ಬಿ ಮುಚ್ಚಿ ಹೇಳಿದರು:

"ಅವಗ ಅಷ್ಟು ಧೈರ್ಯ ಇಲ್ರಿ."

ಕೊಟ್ಟೂರಿನ ಪೇಷಂಟು

ರೇಸಿಂಗ್ ಸೈಕಲ್ಲಿನ ಹ್ಯಾಂಡಲ್ಲಿಗೆ ಬಟ್ಟೆಯ ಪಟ್ಟಿ ಸುತ್ತಬೇಕು, ಇಲ್ಲದಿದ್ದರೆ ಅಂಗೈಗೆ ಬೊಬ್ಬೆ ಬರುತ್ತೆ. ಅದಕ್ಕೆಂದೇ ಬರುವ ಪಟ್ಟಿ ಕೊಟ್ಟೂರಿನಲ್ಲಿ ಎಲ್ಲಿ ಸಿಗಬೇಕು? ನಾನು ಮೆಡಿಕಲ್ ಅಂಗಡಿಯಿಂದ ಬ್ಯಾಂಡೇಜ್ ಬಟ್ಟೆ ಕೊಂಡು ಸುತ್ತುತ್ತಿದ್ದೆ. ಸುತ್ತುವ ಕೈ ಹೇಗೂ ಪಳಗಿತ್ತು. ಗಾಲಿಯೊಳಗಿನ ಬೇರಿಂಗ್ ಗುಂಡುಗಳಿಗೆ ಎಣ್ಣೆ ಬಿಡುವುದಕ್ಕೆ ಸೂಜಿ ಮಾಡುವ ಸಿರಿಂಜಿನಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಅದನ್ನೂ ಅಂಗಡಿಯಿಂದಲೇ ತಂದಿದ್ದೆ. ಸರ್ಕಾರದ್ದನ್ನು ಮುಟ್ಟಿಲ್ಲ, ಯಾರು ಬೇಕಾದರೂ ಬಂದು ಕೇಳಲಿ.

ಒಂದು ರಜೆಯ ದಿನ ಅಂಗಳದಲ್ಲಿ ಅದೇ ಕೆಲಸ ನಡೆದಿತ್ತು. ಸೊಂಟ ಹಿಡಿದುಕೊಂಡಿದೆ ಅಂತ ಪಕ್ಕದ ಓಣಿಯ ಮುದುಕರೊಬ್ಬರು ಬಂದರು. "ಕೂಡ್ರಿ, ಒಂದು ನಿಮಿಷ" ಅಂದೆ. ಕಟ್ಟೆಯ ಮೇಲೆ ಕೂತು ನೋಡಿದರು. ನಾನು ಹ್ಯಾಂಡಲ್ಲಿಗೆ ಬ್ಯಾಂಡೇಜು ಸುತ್ತಿದೆ. ಸಿರಿಂಜಿನಲ್ಲಿ ಎಣ್ಣೆ ಎಳೆದು ಮುಂದಿನ ಗಾಲಿಗೆ ಒಂದು, ಹಿಂದಿನ ಗಾಲಿಗೆ ಒಂದು ಚುಚ್ಚಿದೆ. ಬಾಡಿಯ ಹೊಸ ಬಣ್ಣಕ್ಕೆ ಗೀರು ಬೀಳಬಾರದು ಅಂತ ಹಳೇ ಚಾದರ ಹಾಸಿ ಸೈಕಲ್ಲನ್ನು ಬಿಸಿಲಿಗೆ ಮೆತ್ತಗೆ ಮಲಗಿಸಿದೆ.

ಮುದುಕರು ಹತ್ತಿರ ಬಂದು, ದನಿ ತಗ್ಗಿಸಿ, ಬಹಳ ಮರುಕದಿಂದ ಕೇಳಿದರು. "ಉಳೀತೈತೇನ್ರಿ ಸಿಸ್ಟರ್?"

"ಉಳೀತೈತ್ರಿ ಯಜಮಾನ್ರ. ನಿಮ್ದು ಹೇಳ್ರಿ."

ಸಾಹೇಬರ ಜೀಪು

ಹಗರಿಬೊಮ್ಮನಹಳ್ಳಿಯ ಕಡೆ ಇದ್ದಾಗ ನಮ್ಮ ಮೇಲೊಬ್ಬ ಡಾಕ್ಟರ್ ಸಾಹೇಬರು ಬಂದರು. ಅವರಿಗೆ ನನ್ನ ಕೆಲಸದ ಬಗ್ಗೆ ತಕರಾರಿರಲಿಲ್ಲ, ಕೆಲಸಕ್ಕೆ ಬರುವ ರೀತಿಯ ಬಗ್ಗೆ ಇತ್ತು. ನಾನು ಚೂಡಿದಾರ ಹಾಕಿಕೊಂಡು ರೇಸಿಂಗ್ ಸೈಕಲ್ ತುಳಿದು ಬಂದು, ಆರೋಗ್ಯ ಕೇಂದ್ರದಲ್ಲಿ ಬಿಳೀ ಸೀರೆ ಉಟ್ಟುಕೊಳ್ಳುತ್ತಿದ್ದೆ. ಒಂದು ದಿನ ಕರೆಸಿದರು.

"ಸರ್ಕಾರಿ ನರ್ಸು ಹಿಂಗ ಬಗ್ಗಿಕೊಂಡು ಸೈಕಲ್ ಹೊಡದ್ರ ಜನ ಏನಂದಾರು?"

"ಏನೂ ಅನ್ನಂಗಿಲ್ರಿ ಸಾಹೇಬ್ರ. ಅವರು ಬಾಯಿ ತೆಗಿಯೂದ್ರೊಳಗ ನಾ ದಾಟಿ ಹೋಗಿರ್ತೀನಿ."

"ನಾಳಿಯಿಂದ ಬಸ್ಸಿಗೆ ಬರಬೇಕು."

"ಹಂಗಂತ ಬರದು ಕೊಡ್ರಿ."

ಬರೆದು ಕೊಡಲಿಲ್ಲ. ಅದರ ಬದಲು ನನಗೆ ಎಲ್ಲಕ್ಕಿಂತ ದೂರದ ಹಳ್ಳಿಗಳನ್ನು ಹಾಕಿದರು. ಬಸ್ಸೇ ಹೋಗದ ಊರುಗಳು. ದೂರ ಹೆಚ್ಚಾದಷ್ಟೂ ನನಗೆ ಹಬ್ಬ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಬೆಳಿಗ್ಗೆ ಜೋಳದ ಹೊಲಗಳ ನಡುವೆ ಖಾಲಿ ರಸ್ತೆ, ಕೆಳಗೆ ಚೈನಿನ ಸಣ್ಣ ಸದ್ದು, ಎದುರು ಗಾಳಿ. ಶಿಕ್ಷೆ ಅಂದರೆ ಹಿಂಗಿರಬೇಕು.

ಅಂಥ ಒಂದು ಊರಿಗೆ ಸಾಹೇಬರು ತಪಾಸಣೆಗೆ ಹೊರಟರು. ನಾನು ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ನಡುದಾರಿಯಲ್ಲಿ ಜೀಪು ಬಾಯಿ ತೆರೆದು ನಿಂತಿತ್ತು. ಡ್ರೈವರು ಅದರ ಕೆಳಗೆ ಮಲಗಿದ್ದ. ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಬಿಸಿಲಲ್ಲಿ ನಿಂತಿದ್ದರು. ಮುಂದೆ ಊರಲ್ಲಿ ಜನ ಹಾರ ಹಿಡಿದು ಕಾಯುತ್ತಿದ್ದರು. ನಾನು ಇಳಿದೆ. ಕುಹಕ ಇರಲಿಲ್ಲ, ಮನಸ್ಸಿನಿಂದಲೇ ಹೇಳಿದೆ.

"ಸಾಹೇಬ್ರ, ನನ್ನ ಸೈಕಲ್ ತಗೊಂಡು ಹೋಗ್ರಿ. ನಾ ಹಿಂದ ನಡಕೊಂತ ಬರ್ತೀನಿ."

ಅವರು ಸೈಕಲ್ ನೋಡಿದರು, ಆಕಾಶ ನೋಡಿದರು. ಕೊನೆಗೆ ಬಾಯೊಳಗೇ ಅಂದರು. "ನನಗ ಸೈಕಲ್ ಬರಂಗಿಲ್ಲ."

ಜೀಪಿನ ಕೆಳಗೆ ಸ್ಪಾನರು ಬಿದ್ದ ಸದ್ದಾಯಿತು. ಡ್ರೈವರು ಅದನ್ನು ಹುಡುಕುವ ನೆಪದಲ್ಲಿ ಬಹಳ ಹೊತ್ತು ಹೊರಗೆ ಬರಲಿಲ್ಲ.

"ಹಿಂದ ಕೂಡ್ಸಿಕೊಂಡು ಹೋಗಾಕ ಆಗತೈತೇನು?" ಅಂತ ಸಾಹೇಬರೇ ಕೇಳಿದರು.

"ಇದಕ್ಕ ಕ್ಯಾರಿಯರ್ ಇಲ್ರಿ."

ಹಾಗಾಗಿ ನಡೆದರು. ನಾನು ಪಕ್ಕದಲ್ಲೇ ಸೈಕಲ್ ತಳ್ಳಿಕೊಂಡು ಬಂದೆ. ಬಿಸಿಲಿಗೆ ಅವರ ಮುಖ ಕೆಂಪಾಗಿ, ನಡಿಗೆ ಓಲಾಡತೊಡಗಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಎತ್ತಿನ ಗಾಡಿ ಬಂತು. ಗಾಡಿಯ ರೈತ ನನ್ನ ಗುರುತಿನವನು.

"ಏನ್ ಸಿಸ್ಟರ್, ಪೇಷಂಟನ್ನ ಇಂಥಾ ಬಿಸಲಾಗ ನಡಸಿಕೊಂಡು ಹೊಂಟೀರಿ!"

ನಾನು ಗಾಬರಿಯಾಗಿ, "ಏ, ಪೇಷಂಟ್ ಅಲ್ಲಪ್ಪ, ಇವ್ರು ನಮ್ಮ..." ಅನ್ನುವಷ್ಟರಲ್ಲಿ ಸಾಹೇಬರು ಗಾಡಿಯ ಗೂಟ ಹಿಡಿದುಕೊಂಡಾಗಿತ್ತು.

"ಹೌದಪ್ಪ, ಪೇಷಂಟ. ಹತ್ತಿಸಿಕೋ."

ಹೆಣ್ಣುಮಕ್ಕಳಿಗೆ ಕೊಡಂಗಿಲ್ಲ

ಹಡಗಲಿಯಿಂದ ಮೈಲಾರದ ಕಡೆ ಹೋಗುವ ದಾರಿಯ ಒಂದು ಊರಿನಲ್ಲಿ ಕಾಳುಕಡಿ ವ್ಯಾಪಾರಿಯೊಬ್ಬರಿದ್ದರು. ಹರೆಯದಲ್ಲಿ ರೇಸು ಹೊಡೆದವರಂತೆ. ಈಗ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ನಿಲ್ಲಬೇಕಾದರೂ ಗೋಡೆ ಹಿಡಿಯಬೇಕು. ಅವರ ಪಡಸಾಲೆಯಲ್ಲಿ ಆಕಾಶನೀಲಿ ಬಣ್ಣದ ಸೈಕಲ್ಲೊಂದು ತೊಲೆಗೆ ತೂಗುತ್ತಿತ್ತು. ಧೂಳು ಕೂಡಬಾರದು ಅಂತ ಸೀರೆ ಸುತ್ತಿದ್ದರು. ಸೀರೆ ಸರಿಸಿ ನೋಡಿದೆ. ಅಂಥ ಸೈಕಲ್ಲು ನಾನು ಅದುವರೆಗೆ ಕಂಡಿರಲಿಲ್ಲ. ಕೊಳವೆಗೆ ಕೊಳವೆ ಕೂಡುವ ಕಡೆ ಎಲೆಯ ತುದಿಯಂಥ ಕೆತ್ತನೆ. ತುಕ್ಕಿನ ಒಂದು ಚುಕ್ಕೆ ಇಲ್ಲ.

"ಕೊಡ್ತೀರೇನ್ರಿ?" ಅಂದೆ.

"ಹೆಣ್ಣುಮಕ್ಕಳಿಗೆ ಕೊಡಂಗಿಲ್ರಿ. ರೇಸಿನ ಸೈಕಲ್ ಅದು. ಅದರ ಮರ್ಯಾದಿ ಹೋಗ್ತೈತಿ."

"ಸೀರಿ ಉಡಿಸಿ ತೂಗಹಾಕೀರಿ, ಮರ್ಯಾದಿ ಇನ್ನೂ ಉಳದೈತೇನ್ರಿ?"

ಒಳಗಿನಿಂದ ನಗು ಕೇಳಿಸಿತು. ಅವರ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ನಲವತ್ತರ ಆಚೀಚೆಯ ಹೆಣ್ಣುಮಗಳು.

"ಸೀರಿ ನಂದ್ರಿ. ಈ ಮನಿಗೆ ಬಂದಾಗಿಂದ ವಾರಕ್ಕೊಮ್ಮಿ ಇದನ್ನ ಇಳಿಸಿ ಒರಸೇನಿ. ಒಂದು ಸಲ ಹತ್ತಿಲ್ಲ. ನನಗ ಸೈಕಲ್ ಕಲಿಸ್ರಿ ಸಿಸ್ಟರ್, ನಾ ನಿಮಗ ಕೊಡಸ್ತೀನಿ."

ವ್ಯಾಪಾರಿ ಹೊಟ್ಟೆ ಕುಣಿಸಿ ನಕ್ಕರು. "ಈಕಿ ಸೈಕಲ್ ಕಲಿಯೂದೂ ಒಂದೇ, ಹಂಪಿ ಕಲ್ಲಿನ ರಥ ಓಡೂದೂ ಒಂದೇ. ಈಕಿ ಅಂಗಡಿ ಮುಂದ ಸೈಕಲ್ ಹೊಡದ ದಿವಸ ಬಂದು ಒಯ್ರಿ. ಮಾತು ಅಂದ್ರ ಮಾತು."

ಅಲ್ಲಿಂದ ಶುರುವಾಯಿತು. ರಜೆ ಸಿಕ್ಕ ದಿನ ಬೆಳಿಗ್ಗೆ ನಾನು ನನ್ನ ಸೈಕಲ್ಲಿನಲ್ಲಿ ಹೋಗುತ್ತಿದ್ದೆ, ವ್ಯಾಪಾರಿಯ ಹೆಂಡತಿ ಮಗಳ ಚೂಡಿದಾರ ತೊಟ್ಟು, ಮೇಲೊಂದು ಟವೆಲು ಹೊದ್ದು, ಊರ ಹೊರಗಿನ ಕಣಕ್ಕೆ ಬರುತ್ತಿದ್ದರು. ಮೊದಲ ದಿನ ಹುಲ್ಲಿನ ಬಣವೆಗೆ ಹೋಗಿ ಹೊಕ್ಕರು. ಎರಡನೇ ಸಲ ಕಳ್ಳಿಬೇಲಿಗೆ. ನಾನು ಸೈಕಲ್ ಹಿಡಿದು ಹಿಂದೆ ಓಡುತ್ತಿದ್ದೆ. "ಬಿಟ್ಟೀರೇನು?" ಅಂತ ಕೂಗುತ್ತಿದ್ದರು. "ಬಿಟ್ಟಿಲ್ಲ" ಅನ್ನುತ್ತಿದ್ದೆ, ಬಿಟ್ಟಿರುತ್ತಿದ್ದೆ. ಮೊಣಕಾಲು ತರಚಿದರೆ ನಾನೇ ಪಟ್ಟಿ ಕಟ್ಟುತ್ತಿದ್ದೆ. "ಸಾಕು ಬಿಡ್ರಿ ಅಕ್ಕಾ" ಅಂದರೆ, "ಯಾಕ, ನಿಮಗ ಸುಸ್ತಾತೇನು?" ಅಂತ ನನ್ನನ್ನೇ ಕೇಳುತ್ತಿದ್ದರು. ಊರಿನ ನಾಲ್ಕು ಜನ ಗಂಡಸರು ಪ್ರತಿ ಸಲ ಬೇವಿನ ಗಿಡದ ಕೆಳಗೆ ಕೂತು ನಗುತ್ತಿದ್ದರು. ಒಂದು ದಿನ ಅಕ್ಕ ಸೈಕಲ್ಲನ್ನು ನೇರ ಅವರ ಮೇಲೇ ಬಿಟ್ಟರು. ಬೇಕಂತ ಮಾಡಿದರೋ ಬ್ರೇಕ್ ಸಿಗಲಿಲ್ಲವೋ ಇವತ್ತಿಗೂ ಹೇಳಿಲ್ಲ. ಮುಂದಿನ ಸಲದಿಂದ ಗಿಡದ ಕೆಳಗೆ ಯಾರೂ ಇರಲಿಲ್ಲ.

ಕೊನೆಗೊಂದು ದಿನ ಸಂತೆಯ ಹೊತ್ತಿನಲ್ಲಿ, ಊರೆಲ್ಲಾ ರಸ್ತೆಯಲ್ಲಿರುವಾಗ, ಅಕ್ಕ ನನ್ನ ಟಗರು ಸೈಕಲ್ಲಿನ ಮೇಲೆ ಬಗ್ಗಿ ಕೂತು ಗಂಡನ ಅಂಗಡಿಯ ಮುಂದೆ ಸುಯ್ಯನೆ ಹೋದರು. ಹೋಗಿ, ತಿರುಗಿ, ಮತ್ತೆ ಬಂದರು. ಜೋಳ ತೂಗುತ್ತಿದ್ದ ವ್ಯಾಪಾರಿ ತಕ್ಕಡಿ ಎತ್ತಿ ಹಿಡಿದೇ ನಿಂತರು. ಗಿರಾಕಿಯೂ ಚೀಲ ಹಿಡಿದುಕೊಂಡೇ ರಸ್ತೆ ನೋಡುತ್ತಿದ್ದ.

ಅವರು ಮಾತಿಗೆ ತಪ್ಪುವವರಲ್ಲ. ಏಣಿ ತರಿಸಿ, ಸೈಕಲ್ ಇಳಿಸಿ, ಸೀರೆ ಬಿಚ್ಚಿ, ಸ್ವಲ್ಪ ಹೊತ್ತು ಸೀಟಿನ ಮೇಲೆ ಕೈಯಿಟ್ಟು ನಿಂತರು. "ಒಯ್ರಿ ಸಿಸ್ಟರ್" ಅಂದರು. ನಾನು ಹ್ಯಾಂಡಲ್ ಹಿಡಿದೆ. ಎಳೆದೆ. ಬರಲಿಲ್ಲ. ಆ ಕಡೆಯ ಕೊಂಬನ್ನು ಅಕ್ಕ ಹಿಡಿದಿದ್ದರು.

"ಇವ್ರು ಕೊಡ್ತಾರ್ರಿ. ನಾ ಕೊಡಂಗಿಲ್ಲ."

"ಅಲ್ರೀ ಅಕ್ಕಾ, ನೀವೇ ಕೊಡಸ್ತೀನಿ ಅಂದಿದ್ರಲ್ಲ!"

"ಅಂದಿದ್ದೆ, ಖರೆ. ಆವಾಗ ನನಗ ಸೈಕಲ್ ಬರ್ತಿದ್ದಿಲ್ಲ."

ಹರಪನಹಳ್ಳಿಯ ಕೇಸು

ರೇಸಿಂಗ್ ಸೈಕಲ್ಲುಗಳಲ್ಲೇ ಇನ್ನೊಂದು ಜಾತಿ ಇದೆ. ಅದು ರಸ್ತೆಗೆ ಅಲ್ಲ, ರೇಸಿನ ಮೈದಾನಕ್ಕೆ ಮಾತ್ರ. ಅದರಲ್ಲಿ ಗಾಲಿ ತಿರುಗುವವರೆಗೂ ಪೆಡಲ್ಲು ತಿರುಗುತ್ತಲೇ ಇರುತ್ತೆ, ಕಾಲು ನಿಲ್ಲಿಸಿ ಸುಮ್ಮನೆ ಕೂರುವ ಹಾಗಿಲ್ಲ. ಕಾಲು ಜಾರಬಾರದು ಅಂತ ಪೆಡಲ್ಲಿಗೆ ತೊಗಲಿನ ಪಟ್ಟಿ ಬೇರೆ. ಅಂಥದ್ದೊಂದನ್ನು ರಿಪೇರಿ ಮಾಡಿ ಮುಗಿಸಿದ್ದೆ. ಹರಪನಹಳ್ಳಿಯಲ್ಲಿ ಒಂದು ಬೆಳಿಗ್ಗೆ ಅದನ್ನು ಬೆಸುಗೆ ಹಾಕಿಕೊಟ್ಟ ವೆಲ್ಡಿಂಗ್ ಶಾಪಿನವನಿಗೆ ತೋರಿಸಲು ಕೈಯಲ್ಲೇ ತಳ್ಳಿಕೊಂಡು ಹೊರಟವಳು, ದಾರಿಯಲ್ಲಿ ಗೋಡೆಗೆ ಆನಿಸಿ ಬದನೆಕಾಯಿ ಆರಿಸುತ್ತಾ ನಿಂತೆ. ತಿರುಗಿ ನೋಡಿದರೆ ಗೋಡೆ ಇತ್ತು, ಸೈಕಲ್ ಇರಲಿಲ್ಲ.

ನೇರ ಸ್ಟೇಷನ್ನಿಗೆ ಹೋದೆ. ಪೊಲೀಸಪ್ಪ ಕಾಗದ ತೆಗೆದು ಗುರುತು ಕೇಳತೊಡಗಿದರು.

"ಬೆಲ್ ಹೆಂಗೈತೆ?"

"ಬೆಲ್ ಇಲ್ರಿ."

"ಸ್ಟ್ಯಾಂಡು?"

"ಇಲ್ಲ."

"ಮಡ್‌ಗಾರ್ಡು? ಲೈಟು? ಬೀಗ?"

"ಒಂದೂ ಇಲ್ರಿ."

"ಹೋಗ್ಲಿ, ಬ್ರೇಕು?"

"ಅದಂತೂ ಇಲ್ವೇ ಇಲ್ಲ."

ಅವರು ಪೆನ್ನು ಕೆಳಗಿಟ್ಟರು. "ಸಿಸ್ಟರ್, ಇವತ್ತು ಬಂದ ಕಳ್ಳ ಸೈಕಲ್ ಒಯ್ದಾನೆ, ಸರಿ. ಅದಕ್ಕೂ ಮೊದಲು ಬಂದೋರು ಎಷ್ಟು ಜನ?"

ನಾನು ಜಗಳ ಆಡಿ, ಬರೆಸಿಯೇ ಎದ್ದೆ. ದವಾಖಾನೆಗೆ ಬಂದರೆ ಬೆಂಚಿನ ಮೇಲೆ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ನರಳುತ್ತಾ ಕೂತಿದ್ದ. ಎರಡೂ ಮೊಣಕಾಲು, ಮೊಣಕೈ ತರಚಿ ರಕ್ತ. ಅಂಗಿ ಚಿಂದಿ. ಮುಖದಲ್ಲಿ ಬಣ್ಣವೇ ಇಲ್ಲ. ನೀಲಗುಂದದ ಕಡೆಯ ರಸ್ತೆಯ ಇಳುಕಲಿನಲ್ಲಿ ಬಿದ್ದಿದ್ದ ಅಂತ ಯಾರೋ ಎತ್ತಿಕೊಂಡು ಬಂದು ಹಾಕಿ ಹೋಗಿದ್ದರು. ಗಾಯ ತೊಳೆಯಲು ಬಗ್ಗಿದೆ. ಬಲಗಾಲಿಗೆ ಒಂದು ತೊಗಲಿನ ಪಟ್ಟಿ ಇನ್ನೂ ಬಿಗಿದುಕೊಂಡೇ ಇತ್ತು. ಕೊಟ್ಟೂರಿನ ಚಪ್ಪಲಿ ಹೊಲಿಯುವವರ ಹತ್ತಿರ ಕೂತು ಹೊಲಿಸಿಕೊಂಡಿದ್ದ ಪಟ್ಟಿಯ ಗುರುತು ನನಗೆ ಹತ್ತದೇ ಇರುತ್ತದೆಯೇ? ಆದರೂ ಗಾಯ ತೊಳೆಯುತ್ತಲೇ ಕೇಳಿದೆ.

"ಏನಾತಪ್ಪ?"

"ಸೈಕಲ್ ಮ್ಯಾಗಿಂದ ಬಿದ್ದೆ ಸಿಸ್ಟರ್."

"ಯಾರ ಸೈಕಲ್ಲು?"

"ನಮ್ಮ... ಗೆಳೆಯಂದು. ಅದು ಸೈಕಲ್ ಅಲ್ಲ ಸಿಸ್ಟರ್, ದೆವ್ವ! ಕಾಲು ನಿಲ್ಸಿದ್ರೂ ಕಾಲು ನಿಲ್ತಿಲ್ಲ. ಆ ಇಳುಕಲಿನಾಗೆ ನಾನು ಪೆಡಲ್ ತುಳೀಲಿಲ್ಲ, ಪೆಡಲ್ಲೇ ನನ್ನ ತುಳೀತು. ಬ್ರೇಕ್ ಹಿಡಿಯಾಣ ಅಂದ್ರೆ ಬ್ರೇಕಿಲ್ಲ. ಹಾರಾಣ ಅಂದ್ರೆ ಕಾಲಿಗೆ ಪಟ್ಟಿ. ಬೆಲ್ಲೂ ಇಲ್ಲ, ನಾನೇ ಬಾಯಾಗೆ ಟ್ರಿಣ್ ಟ್ರಿಣ್ ಅಂತ ಹೋದೆ. ಸಾಲಿ ಮಕ್ಕಳು ಚಪ್ಪಾಳೆ ಹೊಡೆದ್ವು. ನಾನು ಕಾಪಾಡ್ರೋ ಅಂದ್ರೆ ಅವು ಇನ್ನೂ ಜೋರು ಹೊಡೀರಿ ಅಂದ್ವು!"

"ಸೈಕಲ್ ಎಲ್ಲೈತಿ ಈಗ?"

"ಮೋರಿ ಪಕ್ಕ ಬಿದ್ದೈತೆ. ಅದಕ್ಕೇನಾಗೈತೆ? ಒಂದು ಗೀರು ಬಿದ್ದಿಲ್ಲ!"

ಮನಸ್ಸಿಗೆ ಎಷ್ಟೋ ತಂಪಾಯಿತು. ಅಯೋಡಿನ್ನು ಸ್ವಲ್ಪ ಧಾರಾಳವಾಗಿಯೇ ಹಚ್ಚಿದೆ. ಅವನು ಹಲ್ಲು ಕಚ್ಚಿಕೊಂಡು ನೆಟ್ಟಗೆ ಕೂತ. ನೋವಿಗಿಂತ ಈಗ ಅವನಿಗೆ ಸಿಟ್ಟು ಹೆಚ್ಚಾಗಿತ್ತು.

"ಇಂಥಾ ಸೈಕಲ್ ಊರಾಗೆ ಗೋಡೆಗೆ ಆನಿಸಿ ಹೋಗ್ತಾರಲ್ಲ ಸಿಸ್ಟರ್, ಅಂಥೋರನ್ನ ಒಳಗೆ ಹಾಕಿಸ್ಬೇಕು! ಬಡವರ ಜೀವ ಅಂದ್ರೆ ಏನಂತ ತಿಳಕೊಂಡಾರೆ? ಅವರ ಮ್ಯಾಲೆ ಕಂಪ್ಲೇಂಟ್ ಕೊಡಾಕೆ ಬರ್ತೈತೇನ್ರಿ?"

ನಾನು ಸಿರಿಂಜಿಗೆ ಔಷಧಿ ಎಳೆದು, ಬೆಳಕಿಗೆ ಹಿಡಿದು ನೋಡಿದೆ.

"ಬರ್ತೈತಪ್ಪ. ನಾ ಈಗಷ್ಟ ಸ್ಟೇಷನ್ನಿಗೆ ಹೋಗಿ ಬಂದೀನಿ. ನನ್ನ ಕಂಪ್ಲೇಂಟಿನ ಕೆಳಗ ಇನ್ನೂ ಜಾಗ ಐತಿ, ನಿಂದೂ ಬರಸು. ಸೈಕಲ್ ನಂದ. ಈಗ ಮಗ್ಗಲಾಗು."